ಆರಾ ಊರಿಗೆ ಯಾವಾಗ ಹೋಗಬೇಕು? ಹೋಗಿ ಬಂದವರು ಹೇಳಿ

ತಿಪಟೂರು ಮೇಷ್ಟ್ರು:
ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು. 1857ರ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ ಬಾಬು ಕುಂವರ್ ಸಿಂಗ್ ಕಥೆಯನ್ನು ಮಕ್ಕಳಿಗೆ ಹೇಳುತ್ತಲೇ ಬಂದೆ, ಅವರ ನಾಡನ್ನು ಮಾತ್ರ ನೋಡಿಲ್ಲ. ಬಿಹಾರದ ಭೋಜಪುರ ಜಿಲ್ಲೆಯ ಆರಾ ಪಟ್ಟಣಕ್ಕೆ ಮನೆಯವರ ಜೊತೆ ಹೋಗಬೇಕು ಅಂತಿದ್ದೇನೆ. ಏಪ್ರಿಲ್ 23ಕ್ಕೆ ಅವರ ಗೆಲುವನ್ನು ನೆನೆಯುವ ವಿಜಯೋತ್ಸವಕ್ಕೆ ಹೋಗಲೋ, ಕಾರ್ತಿಕದಲ್ಲಿ ಸೂರ್ಯನನ್ನು ಪೂಜಿಸುವ ಛಠ್ ಹಬ್ಬಕ್ಕೋ? ಉಳಿಯಲು ಆರಾ ಸಾಕೋ, ಪಟ್ನಾದಲ್ಲೇ ಇರಬೇಕೋ? ಮನೆಯವರಿಗೆ ಮಂಡಿನೋವು ಇದೆ. ಅನುಭವ ಇರುವವರು ತಿಳಿಸಿ.

ವಿದ್ಯಾರಣ್ಯಪುರದ ಅಕ್ಕ:
ಛಠ್‌ಗೇ ಹೋಗಿ ಸರ್. ನಮ್ಮ ಕೆಳಗಿನ ಮನೆಯವರು ಆರಾದವರು, ಅವರೇ ಕರೆದರು ಅಂತ ನಾವೂ ಹೋದೆವು. ದುಡ್ಡು ಹೋದ ರೀತಿ ಮಾತ್ರ ಕೇಳಬೇಡಿ. ಸಂಘಮಿತ್ರ ರೈಲಿನಲ್ಲಿ ವೇಟಿಂಗ್ ಲಿಸ್ಟ್ ಇಳಿಯಲೇ ಇಲ್ಲ. ತತ್ಕಾಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಕೊನೆಗೆ ಪಟ್ನಾಕ್ಕೆ ವಿಮಾನ, ತಲೆಗೆ 17,800 ರೂಪಾಯಿ, ಅದೂ ಹೋಗುವುದಕ್ಕೆ ಮಾತ್ರ. ಅಲ್ಲಿಂದ ಆರಾಕ್ಕೆ ಸುಮಾರು 50 ಕಿಲೋಮೀಟರ್. ಟ್ಯಾಕ್ಸಿಯವನು 4,500 ಕೇಳಿದ, ಚೌಕಾಸಿ ಮಾಡಿ 3,800ಕ್ಕೆ ಇಳಿಸಿದೆವು. ಕೊಯಿಲ್ವರ್ ಹತ್ತಿರ ಸೋನ್ ನದಿಯ ಮರಳು ಲಾರಿಗಳ ಸಾಲು. ಅದರಲ್ಲಿ ಸಿಕ್ಕಿಕೊಂಡಿದ್ದಕ್ಕೆ ಮತ್ತೆ 600 ಕಿತ್ತುಕೊಂಡ. ಲಾಡ್ಜಿನವನು ಫೋನಿನಲ್ಲಿ 1,200 ಅಂದಿದ್ದ ರೂಮಿಗೆ ಎದುರಿಗೆ ನಿಂತಾಗ 2,600 ಅಂದ. ಬಿಸಿನೀರಿನ ಬಕೆಟ್ಟಿಗೆ 40 ಬೇರೆ.

ಆದರೂ ಮತ್ತೆ ಹೋಗುತ್ತೇನೆ. ಹಬ್ಬದ ಎರಡನೇ ದಿನ, ಅಂದರೆ ಖರ್ನಾ ದಿನ ಸಂಜೆ ಬೆಲ್ಲದ ಪಾಯಸ ತಿಂದ ಹೆಂಗಸರು ಆಮೇಲೆ 36 ಗಂಟೆ ಒಂದು ತೊಟ್ಟು ನೀರೂ ಕುಡಿಯುವುದಿಲ್ಲ. ಹಾಗೇ ಸೊಂಟದವರೆಗೆ ನೀರಿನಲ್ಲಿ ನಿಂತು ಮೊದಲು ಮುಳುಗುವ ಸೂರ್ಯನಿಗೆ, ಮರುದಿನ ಹುಟ್ಟುವ ಸೂರ್ಯನಿಗೆ ಅರ್ಘ್ಯ ಕೊಡುತ್ತಾರೆ. ಪುರೋಹಿತರು ಬೇಕಿಲ್ಲ, ಮಂತ್ರ ಬೇಕಿಲ್ಲ, ಹಾಡೇ ಎಲ್ಲ. ಬಿದಿರಿನ ಮೊರದಲ್ಲಿ ಠೇಕುವಾ (ಗೋಧಿಹಿಟ್ಟು, ಬೆಲ್ಲ ಕಲಸಿ ಕರಿದದ್ದು), ಕಬ್ಬು, ಬೇರು ಸಮೇತ ಅರಿಸಿನದ ಗಿಡ. ನಮ್ಮನ್ನು ಬೇಲೌರ್ ಸೂರ್ಯ ದೇವಸ್ಥಾನಕ್ಕೂ ಕರೆದುಕೊಂಡು ಹೋದರು. ಕೆರೆ ಸುತ್ತ ಕಾಲಿಡಲು ಜಾಗ ಇರಲಿಲ್ಲ.

ಕ್ರಾಂತಿಪ್ರಿಯ ದಾವಣಗೆರೆ:
ಮೇಷ್ಟ್ರು ಕೇಳಿದ್ದು ಕುಂವರ್ ಸಿಂಗ್ ಬಗ್ಗೆ. ಛಠ್ ನೋಡಬೇಕಾದರೆ ಈಗ ಬೆಂಗಳೂರಿನ ಕೆರೆ ದಡದಲ್ಲೂ ನೋಡಬಹುದು ಮೇಡಂ. ನಾನು ಹೋಗಿದ್ದು ಏಪ್ರಿಲ್‌ನಲ್ಲಿ, ಬೇಕೆಂದೇ. ಬಿಸಿಲು ಮೈ ಸುಡುತ್ತಿತ್ತು. ಕುಂವರ್ ಸಿಂಗ್ ಅವರ ಊರು ಜಗದೀಶ್‌ಪುರಕ್ಕೆ ಹೋಗುವ ಬಸ್ಸು ದಾರಿಯಲ್ಲಿ ಕೆಟ್ಟಿತು. ಕೊಟ್ಟ ದುಡ್ಡು ವಾಪಸ್ ಬರಲಿಲ್ಲ. ಮುಂದಕ್ಕೆ ಆಟೋಗೆ 700, ಅದೂ ಇಬ್ಬರು ಅಪರಿಚಿತರ ಜೊತೆ ಹಂಚಿಕೊಂಡು. ಓಆರ್‌ಎಸ್ ಪೊಟ್ಟಣ, ಎಳನೀರು, ಟೋಪಿ ಅಂತಲೇ 900 ದಾಟಿತು. ನನಗೆ ಒಂದು ರೂಪಾಯಿಯೂ ನಷ್ಟ ಅನ್ನಿಸಿಲ್ಲ.

ಆರಾದ ಮಹಾರಾಜ ಕಾಲೇಜು ಆವರಣದಲ್ಲಿ, 1857ರಲ್ಲಿ ಬ್ರಿಟಿಷರು ಅಡಗಿ ಕಾದಾಡಿದ ಆ ಎರಡಂತಸ್ತಿನ ಪುಟ್ಟ ಮನೆ ಈಗಲೂ ಇದೆ. ರೈಲ್ವೆ ಇಂಜಿನಿಯರ್ ಬಾಯ್ಲ್ ಮೊದಲೇ ಅನುಮಾನಪಟ್ಟು ಅದನ್ನು ಭದ್ರ ಮಾಡಿಸಿದ್ದ. ಪಟ್ನಾ ಹತ್ತಿರದ ದಾನಾಪುರದ ಸಿಪಾಯಿಗಳು ಜುಲೈ 25ಕ್ಕೆ ದಂಗೆ ಎದ್ದು 27ಕ್ಕೆ ಆರಾ ತಲುಪಿದರು, ಕುಂವರ್ ಸಿಂಗ್ ಜೊತೆ ಸೇರಿ ಆ ಮನೆಗೆ ಮುತ್ತಿಗೆ ಹಾಕಿದರು. ಆ ಮನೆಯೊಳಗೆ ಇದ್ದವರು ಎಪ್ಪತ್ತರೊಳಗೆ, ಹೆಚ್ಚಿನವರು ಸಿಖ್ ಸಿಪಾಯಿಗಳು. ಹೊರಗಿನವರು ಒಣಮೆಣಸಿನಕಾಯಿ ಸುಟ್ಟು ಘಾಟು ಹಾಕಿದರು, ಸುರಂಗ ತೋಡಿದರು. ಬಿಡಿಸಲು ಬಂದ ಬ್ರಿಟಿಷ್ ಅಧಿಕಾರಿ ಡನ್‌ಬಾರ್‌ನ ಪಡೆ ರಾತ್ರಿ ಮಾವಿನ ತೋಪಿನ ಹತ್ತಿರ ಹೊಂಚಿಗೆ ಸಿಕ್ಕಿ ಸೋತಿತು, ಅವನೂ ಸತ್ತ. ಇನ್ನೊಬ್ಬ ಬ್ರಿಟಿಷ್ ಅಧಿಕಾರಿ ವಿನ್ಸೆಂಟ್ ಐರ್ ಬಂದ ಮೇಲೆಯೇ ಆಗಸ್ಟ್ 3ಕ್ಕೆ ಮುತ್ತಿಗೆ ಮುಗಿಯಿತು. ಕುಂವರ್ ಸಿಂಗ್ ಅವರಿಗೆ ಆಗ ಹತ್ತಿರ ಹತ್ತಿರ 80 ವರ್ಷ! ಅಲ್ಲಿಂದ ಹೊರಟು ಆಜಂಗಢದವರೆಗೂ ಹೋಗಿ ಕಾದಾಡಿದರು. ವಾಪಸ್ ಬರುವಾಗ ಗಂಗೆ ದಾಟುವ ಹೊತ್ತಿಗೆ ತೋಳಿಗೆ ಗುಂಡು ಬಿತ್ತು. ತಾವೇ ತೋಳು ಕತ್ತರಿಸಿ ಗಂಗೆಗೆ ಅರ್ಪಿಸಿದರು ಅಂತ ಊರೆಲ್ಲ ಹಾಡುತ್ತದೆ. 1858ರ ಏಪ್ರಿಲ್ 23ಕ್ಕೆ ಜಗದೀಶ್‌ಪುರದಲ್ಲಿ ಗೆದ್ದರು, 26ಕ್ಕೆ ತೀರಿಕೊಂಡರು. ಆ ದಿನ ಆ ಮಣ್ಣಿನ ಮೇಲೆ ನಿಲ್ಲಬೇಕು ಸ್ವಾಮಿ. ಕಬ್ಬು, ಠೇಕುವಾ ಆಮೇಲೆ.

ವಿದ್ಯಾರಣ್ಯಪುರದ ಅಕ್ಕ:
ಅಷ್ಟು ಹಗುರವಾಗಿ ಮಾತಾಡಬೇಡಿ. ಅದು ತಿಂಡಿ ಅಲ್ಲ, ವ್ರತ.

ಬಿದಿರೆಯ ಮಗಳು:
ಇಬ್ಬರೂ ಕನ್ನಡಿಗರು, ಇಬ್ಬರೂ ಆರಾಕ್ಕೆ ಹೋಗಿದ್ದೀರಿ. ಜೈನ ಸಿದ್ಧಾಂತ ಭವನದ ಹೆಸರನ್ನು ಒಬ್ಬರೂ ಎತ್ತಲಿಲ್ಲ. ನನಗೆ ನಿಜವಾಗಿ ನೋವಾಯಿತು. 1903ರಲ್ಲಿ ದೇವಕುಮಾರ್ ಜೈನ್ ಕಟ್ಟಿದ ಗ್ರಂಥಾಲಯ ಅದು. ಅಲ್ಲಿ ಕನ್ನಡ ಲಿಪಿಯ ತಾಳೆಗರಿಗಳಿವೆ. ನಮ್ಮ ಮೂಡುಬಿದಿರೆಯ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ವರ್ಷಗಟ್ಟಲೆ ಆರಾದಲ್ಲೇ ಇದ್ದು ಆ ಗ್ರಂಥಗಳ ಕೆಲಸ ಮಾಡಿದರು. ಊರಿನ ಜೈನ ಬಾಲಾ ವಿಶ್ರಾಮದಲ್ಲಿ ಬಾಹುಬಲಿ ನಿಂತಿದ್ದಾನೆ, ನಮ್ಮ ಬೆಳಗೊಳದವನ ಹಾಗೆಯೇ. ಆ ವಿಶ್ರಾಮವನ್ನು ಹೆಣ್ಣುಮಕ್ಕಳ ಓದಿಗೆಂದು 1921ರಲ್ಲಿ ಶುರು ಮಾಡಿದವರು ಚಂದಾಬಾಯಿ.

ನನ್ನ ಗೋಳು ಬೇರೆ. ಪಟ್ನಾದ ಒಬ್ಬ ಏಜೆಂಟ್ ಪಾವಾಪುರಿ, ರಾಜಗೀರ್, ಆರಾ ಮೂರೂ ತೋರಿಸುತ್ತೇನೆ ಅಂತ 14,500 ಮುಂಗಡ ತೆಗೆದುಕೊಂಡ. ಮೊದಲೆರಡು ಆದ ಮೇಲೆ ಡ್ರೈವರ್ ಗಾಡಿ ತಿರುಗಿಸಿದ. ಆರಾ ಪ್ಯಾಕೇಜಿನಲ್ಲಿ ಇಲ್ಲ ಅಂದ. ರಸೀದಿಯಲ್ಲಿ ಆರಾ ಅಂತ ಬರೆದೇ ಇತ್ತು. ಜಗಳ ಆಡಿ 2,000 ವಾಪಸ್ ಬಂತು. ಮರುದಿನ ಬೆಳಗ್ಗೆ ಪ್ಯಾಸೆಂಜರ್ ರೈಲು ಹತ್ತಿ ನಾನೇ ಹೋದೆ. ಟಿಕೆಟಿಗೆ ಚಿಲ್ಲರೆ ದುಡ್ಡು ಅಷ್ಟೇ. ಸೋನ್ ಮೇಲಿನ ಕೊಯಿಲ್ವರ್ ಸೇತುವೆ ಮೇಲೆ ಹೋಗುತ್ತದೆ, 1862ರದ್ದು, ಮೇಲೆ ರೈಲು ಕೆಳಗೆ ರಸ್ತೆ. ಪುಸ್ತಕ, ಗ್ರಂಥ ನೋಡುವ ಆಸೆ ಇದ್ದರೆ ಮೊದಲೇ ಪತ್ರ ಬರೆದು ಅನುಮತಿ ಕೇಳಿ ಸರ್. ಹಬ್ಬದ ಗದ್ದಲದಲ್ಲಿ ಇದೆಲ್ಲ ಆಗುವುದಿಲ್ಲ.

ಚಿಂತಾಮಣಿ ಗೌಡ:
ಆರಾ ಕಡೆಯವರು ಏಕಚಕ್ರ ನಗರ ನಮ್ಮದು, ಭೀಮ ಬಕಾಸುರನನ್ನು ಕೊಂದಿದ್ದು ಇಲ್ಲೇ ಅಂತ ಹೇಳುತ್ತಾರಂತೆ. ಏಕಚಕ್ರ ನಮ್ಮ ಕೈವಾರ. ಬೆಟ್ಟ ಇದೆ, ಭೀಮೇಶ್ವರ ಇದ್ದಾನೆ. ಬಂದು ನೋಡಲಿ.

ಆರಾ ಟು ಹೂಡಿ:
ನಾನು ಆರಾದವನೇ. ಕನ್ನಡ ಬೆಂಗಳೂರಿನಲ್ಲಿ ಕಲಿತೆ, ತಪ್ಪಿದ್ದರೆ ತಿದ್ದಿ. ಗೌಡ್ರೇ, ಕೈವಾರ ನಿಮ್ಮದೇ ಇರಲಿ. ಪಾಂಡವರು ನಡೆದಿದ್ದು ದೊಡ್ಡ ದಾರಿ. ನಮ್ಮಲ್ಲಿ ಆರಣ್ಯ ದೇವಿ ಗುಡಿ ಇದೆ, ಪಾಂಡವರು ಪೂಜೆ ಮಾಡಿದ್ದು ಅಂತ ನನ್ನ ಅಜ್ಜಿ ಹೇಳುತ್ತಿದ್ದರು. ಊರಿಗೆ ಹೆಸರು ಬಂದಿದ್ದು ಆ ಅರಣ್ಯದಿಂದ ಅಂತ ಕೆಲವರು. ರಾಜ ಮೋರಧ್ವಜ ಮಗನನ್ನೇ ಗರಗಸದಿಂದ ಸೀಳಿದ, ಗರಗಸಕ್ಕೆ ಆರಾ ಅನ್ನುತ್ತಾರೆ, ಅದರಿಂದ ಅಂತ ಇನ್ನು ಕೆಲವರು.

ಚಿಂತಾಮಣಿ ಗೌಡ:
ಮಗನನ್ನಲ್ಲ! ಜೈಮಿನಿ ಭಾರತದಲ್ಲಿ ಮಯೂರಧ್ವಜ ತನ್ನ ದೇಹವನ್ನೇ ಸೀಳಿಸಿಕೊಳ್ಳುತ್ತಾನೆ. ಹೆಂಡತಿ, ಮಗ ಗರಗಸ ಹಿಡಿಯುತ್ತಾರೆ. ಎಡಗಣ್ಣಿನಲ್ಲಿ ನೀರು ಬರುತ್ತದೆ. ಯಾಕೆ ಅಂದರೆ ಬಲಭಾಗ ಕೃಷ್ಣನಿಗೆ ಸಲ್ಲುತ್ತದೆ, ಎಡಭಾಗ ವ್ಯರ್ಥವಾಯಿತಲ್ಲ ಅಂತ. ನಮ್ಮ ತಾತ ಅದನ್ನು ಓದುವಾಗ ಜಗುಲಿ ತುಂಬ ಜನ ಅಳುತ್ತಿದ್ದರು. ಊರೂರಿಗೆ ಕಥೆ ಬದಲಾಯಿಸಬೇಡಿ.

ಆರಾ ಟು ಹೂಡಿ:
ನಮ್ಮ ಅಜ್ಜಿ ಹೇಳಿದ್ದರಲ್ಲೂ ಜನ ಅಳುತ್ತಿದ್ದರು.

ನಿವೃತ್ತ ಬ್ಯಾಂಕಿನವರು:
ನನಗೆ ಆ ಕಡೆ ಪೋಸ್ಟಿಂಗ್ ಇತ್ತು, ತೊಂಬತ್ತರ ದಶಕದಲ್ಲಿ. ಸಂಸಾರ ಮೈಸೂರಲ್ಲಿ ಬಿಟ್ಟೆ. ಎರಡು ಮನೆ ಬಾಡಿಗೆ, ಎಸ್‌ಟಿಡಿ ಬೂತಿಗೆ ತಿಂಗಳಿಗೆ 400, ಸೊಳ್ಳೆ ಪರದೆ, ಸೀಮೆಎಣ್ಣೆ, ಜನರೇಟರ್ ಚಂದಾ. ಲೆಕ್ಕದ ಪುಸ್ತಕ ಇನ್ನೂ ಇಟ್ಟಿದ್ದೇನೆ. ಕತ್ತಲಾದ ಮೇಲೆ ಹಳ್ಳಿ ಕಡೆ ಹೋಗುತ್ತಿರಲಿಲ್ಲ. 1996ರಲ್ಲಿ ಬಥಾನಿ ಟೋಲಾ ಹಳ್ಳಿಯಲ್ಲಿ ಬಡವರ ಹತ್ಯಾಕಾಂಡ ಆಯಿತು. ಹೆಂಗಸರು, ಮಕ್ಕಳನ್ನೂ ಬಿಡಲಿಲ್ಲ. ವಯಸ್ಸಾದವರು ಪಟ್ನಾದಲ್ಲೇ ಉಳಿಯಿರಿ ಅಂತ ನನ್ನ ಸಲಹೆ.

ಆರಾ ಟು ಹೂಡಿ:
ಸರ್, ಬಥಾನಿ ಟೋಲಾ ಮರೆಯಬೇಕು ಅಂತ ನಾನು ಹೇಳಲ್ಲ. ಭೂಮಿ, ಕೂಲಿ, ಮಾನ, ಎಲ್ಲದಕ್ಕೂ ನಮ್ಮ ಜಿಲ್ಲೆಯ ಬಡವರು ರಕ್ತ ಕೊಟ್ಟಿದ್ದಾರೆ. ಆದರೆ ಅದೊಂದನ್ನೇ ಹೇಳಿ ಮೂವತ್ತು ವರ್ಷದ ಮೇಲೂ ಜನರನ್ನು ಹೆದರಿಸುವುದು ಸರಿಯಾ? ನಮ್ಮಲ್ಲಿ ಒಂದು ಮಾತಿದೆ: 'ಆರಾ ಜಿಲಾ ಘರ್ ಬಾ, ತ ಕೌನ್ ಬಾತ್ ಕೆ ಡರ್ ಬಾ'. ಆರಾ ಜಿಲ್ಲೆ ಮನೆ ಆದಮೇಲೆ ಯಾವುದರ ಭಯ ಅಂತ. ಆರಾ ಸೇರಿದ್ದ ಹಳೆಯ ಶಾಹಾಬಾದ್ ಜಿಲ್ಲೆಯಿಂದ ಗಿರ್ಮಿಟಿಯಾಗಳಾಗಿ (ಕರಾರಿನ ಕೂಲಿಗಳಾಗಿ) ಮಾರಿಷಸ್, ಸುರಿನಾಮ್‌ವರೆಗೆ ಹೋದವರು ನಾವು. ಈಗ ಬೆಂಗಳೂರಿನ ಹೂಡಿಗೆ ಬರುತ್ತೇವೆ. ಭೋಜಪುರಿ ನಾಟಕಕಾರ ಭಿಖಾರಿ ಠಾಕೂರ್, ದುಡಿಯಲು ಊರು ಬಿಟ್ಟವರ ಬಗ್ಗೆ ಬರೆದ ಬಿದೇಸಿಯಾ ನಾಟಕದಲ್ಲಿ ಹಾಡಿದ ಸಂಕಟ ಇವತ್ತಿಗೂ ನಮ್ಮ ಮನೆಮನೆಯದು.

ಕ್ರಾಂತಿಪ್ರಿಯ ದಾವಣಗೆರೆ:
ಭಿಖಾರಿ ಠಾಕೂರ್ ಛಪ್ರಾದವರು, ನದಿಯ ಆಚೆ.

ಆರಾ ಟು ಹೂಡಿ:
ಅವರ ಊರು ಕುತುಬ್‌ಪುರ. ಅವರು ಹುಟ್ಟಿದಾಗ ಅದು ಶಾಹಾಬಾದಿಗೆ ಸೇರಿತ್ತು. ಗಂಗೆಯ ದಿಯಾರಾದಲ್ಲಿ (ನದಿ ಪಾತ್ರದ ಮೆಕ್ಕಲು ನೆಲದಲ್ಲಿ) ಊರುಗಳು ದಡ ಬದಲಿಸುತ್ತವೆ. 2017ರಲ್ಲಿ ಆರಾ-ಛಪ್ರಾ ಸೇತುವೆ ಬಂತು. ಈಗ ಯಾರದ್ದು ಅನ್ನುವ ಜಗಳವೇ ಬೇಡ.

ತಿಪಟೂರು ಮೇಷ್ಟ್ರು:
ಎಲ್ಲರಿಗೂ ವಂದನೆ. ಮಂಡಿನೋವಿನ ಬಗ್ಗೆ ಯಾರೂ ಹೇಳಲಿಲ್ಲ. ಛಠ್‌ನಲ್ಲಿ ಎಷ್ಟು ನಡೆಯಬೇಕು?

ಆರಾ ಟು ಹೂಡಿ:
ಮೇಷ್ಟ್ರೇ, ನದಿ ದಡದ ಘಾಟಿಗೆ ಹೋಗಲೇಬೇಕು ಅಂತಿಲ್ಲ. ಆಗದವರು ಮನೆ ಮಹಡಿ ಮೇಲೆ ತೊಟ್ಟಿ ಕಟ್ಟಿ ಅಲ್ಲೇ ಅರ್ಘ್ಯ ಕೊಡುತ್ತಾರೆ. ನಿಮ್ಮ ಮನೆಯವರನ್ನು ಅಂಥ ಮನೆಯಲ್ಲಿ ಕೂರಿಸಿ. ನೀವು ಕಾಲೇಜಿನ ಮನೆಯನ್ನೂ ಜಗದೀಶ್‌ಪುರದ ಕೋಟೆಯನ್ನೂ ಆ ವಾರವೇ ನೋಡಬಹುದು. ಆರಾದಲ್ಲೇ ಉಳಿಯಿರಿ. ರೈಲು ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ, ಬೆಳಗ್ಗೆ 8ಕ್ಕೆ ಕುಳಿತುಕೊಳ್ಳಿ. ಉದ್ವಂತ್‌ನಗರದ ಖುರ್ಮಾ ಸಿಹಿ ಕಟ್ಟಿಸಿಕೊಳ್ಳಿ, ಬೆರಣಿ ಕೆಂಡದಲ್ಲಿ ಸುಟ್ಟ ಲಿಟ್ಟಿ (ಗೋಧಿಹಿಟ್ಟಿನ ಉಂಡೆ) ತಿನ್ನಿ.

ಕ್ರಾಂತಿಪ್ರಿಯ ದಾವಣಗೆರೆ:
ನವೆಂಬರ್‌ನಲ್ಲಿ ಕೋಟೆ ಖಾಲಿ ಇರುತ್ತದೆ. ಬರೀ ಗೋಡೆ ನೋಡಿ ಬರುತ್ತೀರಿ. ನಾನು ಒಪ್ಪುವುದಿಲ್ಲ.

ಬಿದಿರೆಯ ಮಗಳು:
ಖಾಲಿ ಇದ್ದರೇ ಒಳ್ಳೆಯದು, ಮಂಡಿನೋವಿನವರಿಗೆ ಕೂರಲು ಜಾಗ ಸಿಗುತ್ತದೆ. ಹಬ್ಬ ಮುಗಿದ ಮೇಲೆ ಇನ್ನೆರಡು ದಿನ ಇಟ್ಟುಕೊಳ್ಳಿ ಸರ್. ಭವನಕ್ಕೆ ಪತ್ರ ಹೇಗೆ ಬರೆಯಬೇಕು ಅಂತ ನಾನು ಕಳಿಸುತ್ತೇನೆ.