ಗುಂಪಿನಲ್ಲಿ ಒಬ್ಬಳೇ ಬರೆಯುತ್ತಾಳೆ, ಉಳಿದವರು ನೋಡುತ್ತಾರೆ: ಏನು ಮಾಡಲಿ?

ಕೇಳಿದವರು

ಏಳನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಮಕ್ಕಳು 42. ಆರಾರು ಮಂದಿಯ ಗುಂಪು ಮಾಡಿ ಚಾರ್ಟ್ ಕೊಟ್ಟರೆ ಒಬ್ಬಳು ಬರೆಯುತ್ತಾಳೆ, ಒಬ್ಬ ಬಣ್ಣ ತುಂಬುತ್ತಾನೆ, ಉಳಿದವರಿಗೆ ಅದು ಆಟದ ಅವಧಿ. ‘ನನ್ನ ಮಗಳು ದುಡಿದದ್ದಕ್ಕೆ ಎಲ್ಲರಿಗೂ ಒಂದೇ ಅಂಕವೇ?’ ಎಂದು ತಾಯಿಯೊಬ್ಬರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಗುಂಪು ಕಲಿಕೆಯನ್ನು ಕೈಬಿಡಲು ಮನಸ್ಸಿಲ್ಲ. ನಿಮ್ಮ ತರಗತಿಗಳಲ್ಲಿ ಏನು ಫಲ ಕೊಟ್ಟಿತು, ದಯವಿಟ್ಟು ತಿಳಿಸಿ.

ಹದಿನೈದು ವರ್ಷದಿಂದ ವಿಜ್ಞಾನ ಕಲಿಸುವವರು

ಮೇಡಂ, ಮೊದಲು ಆರನ್ನು ನಾಲ್ಕಕ್ಕೆ ಇಳಿಸಿ. ರಿಂಗೆಲ್ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್ ನೂರು ವರ್ಷಗಳಿಗೂ ಹಿಂದೆ ಜನರಿಂದ ಹಗ್ಗ ಎಳೆಸಿ ಅಳೆದು ನೋಡಿದ್ದರು. ಎಳೆಯುವ ಕೈಗಳು ಹೆಚ್ಚಿದಂತೆ ಒಬ್ಬೊಬ್ಬರ ಎಳೆತ ಕಡಿಮೆಯಾಯಿತು. ನಮ್ಮ ಮಕ್ಕಳು ಸೋಮಾರಿಗಳಲ್ಲ. ಒಬ್ಬಳೇ ಮುಗಿಸಬಹುದಾದ ಕೆಲಸವನ್ನು ನಾವು ಆರು ಜನರಿಗೆ ಕೊಡುತ್ತಿದ್ದೇವೆ.

ನನ್ನ ಕೈಹಿಡಿದದ್ದು ಜಿಗ್ಸಾ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಬೇರೆ ಬೇರೆ ಜನಾಂಗದ ಮಕ್ಕಳು ಆಗಷ್ಟೇ ಒಂದೇ ತರಗತಿಗೆ ಬಂದು ಜಗಳಗಳಾಗುತ್ತಿದ್ದಾಗ ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ ಮತ್ತು ಅವರ ವಿದ್ಯಾರ್ಥಿಗಳು ರೂಪಿಸಿದ ವಿಧಾನ ಅದು. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದನ್ನೇ ಕೊಡುವುದು. ಪಕ್ಕದವನು ಹೇಳುವುದನ್ನು ಕೇಳಿಸಿಕೊಳ್ಳದೆ ಯಾರಿಗೂ ಪೂರ್ತಿ ಪಾಠ ಸಿಗದು. ರಕ್ತದ ಪಾಠ ಇದಕ್ಕೆ ಹೇಳಿ ಮಾಡಿಸಿದಂತಿದೆ: ಕೆಂಪು ರಕ್ತಕಣ, ಬಿಳಿ ರಕ್ತಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ. ಒಂದೇ ತುಂಡು ಸಿಕ್ಕವರೆಲ್ಲ ಮೊದಲು ‘ತಜ್ಞರ ಗುಂಪು’ ಕಟ್ಟಿಕೊಂಡು ಓದುತ್ತಾರೆ, ಹೇಗೆ ಹೇಳಿಕೊಡುವುದೆಂದು ಚರ್ಚಿಸುತ್ತಾರೆ, ಆಮೇಲೆ ತಮ್ಮ ಗುಂಪಿಗೆ ಮರಳಿ ಪಾಠ ಹೇಳುತ್ತಾರೆ. ನಿಮ್ಮ 42 ಮಕ್ಕಳಿಗೆ ನಾಲ್ವರ ಎಂಟು, ಐವರ ಎರಡು ಗುಂಪುಗಳಾಗುತ್ತವೆ. ಐವರಿರುವಲ್ಲಿ ಒಂದು ತುಂಡನ್ನು ಇಬ್ಬರು ಹಂಚಿಕೊಳ್ಳಲಿ. ತಜ್ಞರ ಗುಂಪಿನಲ್ಲಿ ಹತ್ತು ಜನ ಸೇರಿದರೆ ಮತ್ತೆ ಹರಟೆಯೇ, ಆದ್ದರಿಂದ ಅದನ್ನು ಎರಡಾಗಿ ಒಡೆಯಿರಿ.

ಮೊದಲ ಸಲ ನಾನು ತಜ್ಞರ ಗುಂಪುಗಳ ಬಳಿ ಸುಳಿಯಲೇ ಇಲ್ಲ. ಪ್ಲೇಟ್‌ಲೆಟ್‌ಗಳು ರೋಗಾಣುಗಳನ್ನು ಕೊಲ್ಲುತ್ತವೆ ಎಂದು ಒಂದು ಗುಂಪು ನಂಬಿಬಿಟ್ಟಿತು. ಕಿರುಪರೀಕ್ಷೆಯ ದಿನ ಅದೇ ತಪ್ಪು ಅರ್ಧ ತರಗತಿಯ ಹಾಳೆಗಳಲ್ಲಿತ್ತು. ಮಕ್ಕಳು ಪರಸ್ಪರ ಎಷ್ಟು ನಂಬಿಕೆಯಿಂದ ಕೇಳಿಸಿಕೊಂಡಿದ್ದರು ಎಂದು ಸಂಕಟವಾಯಿತು. ಈಗ ತಜ್ಞರು ಎದ್ದು ಹೋಗುವ ಮೊದಲು ಪ್ರತಿ ಗುಂಪಿನ ಒಬ್ಬರಿಂದ ಹೇಳಿಸಿ, ತಪ್ಪಿದ್ದರೆ ಅಲ್ಲೇ ತಿದ್ದುತ್ತೇನೆ.

ಗಣಿತ ಕಲಿಸುವವರು

ಆ ತಾಯಿ ಕೇಳಿದ್ದು ನ್ಯಾಯವಾಗಿಯೇ ಇದೆ. ಚಾರ್ಟಿಗೆ ಅಂಕ ಕೊಡುವುದನ್ನು ನಿಲ್ಲಿಸಿ. ಕಲಿಯುವಾಗ ಜೊತೆಯಾಗಿ, ಪರೀಕ್ಷೆ ಬರೆಯುವಾಗ ಒಬ್ಬೊಬ್ಬರಾಗಿ. ಅಮೆರಿಕದ ಶಿಕ್ಷಣ ಸಂಶೋಧಕ ರಾಬರ್ಟ್ ಸ್ಲಾವಿನ್ ರೂಪಿಸಿದ ಪದ್ಧತಿಯಲ್ಲಿ ಮಗು ತನ್ನದೇ ಹಿಂದಿನ ಸರಾಸರಿಗಿಂತ ಎಷ್ಟು ಮೇಲೇರಿತು ಎಂಬುದನ್ನು ನೋಡಿ ಗುಂಪಿಗೆ ಅಂಕ ಸೇರಿಸುತ್ತಾರೆ. ಹತ್ತಕ್ಕೆ ಮೂರು ಪಡೆಯುತ್ತಿದ್ದವನು ಆರು ಪಡೆದರೆ ಆ ಗುಂಪಿಗೆ ಅವನೇ ಆಸ್ತಿ. ನನ್ನ ತರಗತಿಯಲ್ಲಿ ಗುಂಪಿನ ಮೊತ್ತ ಗೋಡೆಯ ಫಲಕಕ್ಕೆ ಮಾತ್ರ. ಅಂಕಪಟ್ಟಿಗೆ ಅವರವರ ಅಂಕ.

ಭಾಷಾ ಶಿಕ್ಷಕಿ

ಮಾತೇ ಆಡದ ಮಕ್ಕಳನ್ನು ಒಮ್ಮೆಲೇ ನಾಲ್ವರ ನಡುವೆ ಕೂರಿಸಬೇಡಿ. ಒಂದು ನಿಮಿಷ ಒಬ್ಬರೇ ಯೋಚಿಸಲಿ, ಬಳಿಕ ಜೋಡಿಗೆ ಹೇಳಲಿ, ಕೊನೆಗೆ ಎಲ್ಲರೆದುರು. ಅಮೆರಿಕದ ಶಿಕ್ಷಣತಜ್ಞ ಫ್ರಾಂಕ್ ಲೈಮನ್ 1981ರಲ್ಲಿ ಮುಂದಿಟ್ಟ ಈ ಕ್ರಮಕ್ಕೆ ಯಾವ ಸಾಮಗ್ರಿಯೂ ಬೇಡ. ಆ ಮೌನದ ನಿಮಿಷವನ್ನು ಮಾತ್ರ ನಾವು ಶಿಕ್ಷಕರು ಕೆಡಿಸಬಾರದು.

ನನ್ನಲ್ಲಿ ಇನ್ನೊಂದು ನಿಯಮವಿದೆ: ಗೆಳೆಯ ಕೇಳಿದರೆ ಉತ್ತರ ಹೇಳುವಂತಿಲ್ಲ, ದಾರಿ ಹೇಳಬೇಕು. ಬಿಡಿಸಿ ಹೇಳಿದವಳಿಗೆ ತನ್ನ ತಿಳಿವು ಗಟ್ಟಿಯಾಗುತ್ತದೆ. ಬರೀ ಉತ್ತರವನ್ನು ನಕಲು ಮಾಡಿಕೊಂಡವನಿಗೆ ಏನೂ ದಕ್ಕುವುದಿಲ್ಲ. ಆ ತಾಯಿಗೆ ಇದನ್ನೂ ಹೇಳಿ.

ಯಾರಿಗೂ ಬೇಡವಾದ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಕಥೆಯಲ್ಲಿನ ಒಂದು ವಿರೋಧಾಭಾಸ ಅವನ ಕಣ್ಣಿಗಷ್ಟೇ ಬಿದ್ದಿತ್ತು. ‘ಇದನ್ನು ಮೊದಲು ಕಂಡವನು ಇವನು’ ಎಂದು ಎಲ್ಲರೆದುರು ಹೇಳಿದೆ. ಮರುದಿನ ಅವನ ಗುಂಪಿನವರೇ ‘ನೀನೇನು ಹೇಳುತ್ತೀಯ?’ ಎಂದು ಕೇಳಿದರು.

ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಾಳೆಯೇ ನಾಲ್ವರ ಗುಂಪು ಮಾಡುತ್ತೇನೆ. ಒಂದು ಅನುಮಾನ: ತುಂಡು ಪಡೆದ ಮಗು ಆ ದಿನ ಗೈರಾದರೆ?

ಹದಿನೈದು ವರ್ಷದಿಂದ ವಿಜ್ಞಾನ ಕಲಿಸುವವರು

ತುಂಡುಗಳನ್ನು ಹಿಂದಿನ ದಿನ ಕೊಡಬೇಡಿ, ಹಾಜರಿ ಕರೆದ ಮೇಲೆ ಹಂಚಿ. ಒಬ್ಬರು ಕಡಿಮೆಯಾದ ಗುಂಪಿಗೆ ಪಕ್ಕದ ಗುಂಪಿನ ತಜ್ಞ ಬಂದು ಹೇಳಿಕೊಡಲಿ. ಎರಡು ಸಲ ಪಾಠ ಹೇಳುವ ಆ ಅವಕಾಶಕ್ಕೆ ನನ್ನ ಮಕ್ಕಳು ಕೈ ಎತ್ತುತ್ತಾರೆ.