ಮೈಕ್ರೋಸ್ಕೋಪಿನಲ್ಲಿ ಸ್ಪೋರ್ ಇದೆ, ಬಯೋಸೆನ್ಸರ್‌ನಲ್ಲಿ ಇಲ್ಲ. ಏನು ಮಾಡಲಿ?

ಗಾಳಿಗೂಡು:
ಗಾಳಿಯಲ್ಲಿರುವ ಆಸ್ಪರ್ಜಿಲಸ್ ಫ್ಯುಮಿಗೇಟಸ್ ಅನ್ನುವ ಬೂಷ್ಟಿನ ಸ್ಪೋರ್ (ಬೀಜಕಣ) ಹಿಡಿಯಲು ಇಂಪೀಡೆನ್ಸ್ ಸೆನ್ಸರ್ ಮಾಡುತ್ತಿದ್ದೇನೆ, ಮೇಲ್ಮೈಗೆ ಏನಾದರೂ ಅಂಟಿದರೆ ವಿದ್ಯುತ್ ತಡೆ ಬದಲಾಗುವುದನ್ನು ಅಳೆಯುವಂಥದ್ದು. ಚಿನ್ನದ ಎಲೆಕ್ಟ್ರೋಡ್, ಮೇಲೆ ಸ್ಪೋರನ್ನು ಹಿಡಿಯಬೇಕಾದ ಆಂಟಿಬಾಡಿ, ಉಳಿದ ಜಾಗ ಮುಚ್ಚಲು ಬಿಎಸ್‌ಎ ಪ್ರೋಟೀನ್. ಸ್ಯಾಂಪ್ಲರ್ ಗಾಳಿ ಎಳೆದು ಸ್ಪೋರನ್ನು ಬಫರ್ ದ್ರವಕ್ಕೆ ಇಳಿಸುತ್ತದೆ. ಆ ಬಫರ್‌ನ ಹನಿಯಲ್ಲಿ ಸ್ಪೋರ್ ಚೆನ್ನಾಗಿ ಕಾಣುತ್ತವೆ, ಸೆನ್ಸರ್ ರೀಡಿಂಗ್ ಮಾತ್ರ ಕದಲುವುದೇ ಇಲ್ಲ. ಆಂಟಿಬಾಡಿ ಮೂರು ಸಲ ಹೊಸದಾಗಿ ಕೂರಿಸಿದೆ. ರೋಗನಿರೋಧಕ ಶಕ್ತಿ ಕುಗ್ಗಿದವರ ಕೋಣೆಯಲ್ಲಿ ಇಡಬೇಕಾದ ಸೆನ್ಸರ್ ಇದು, ಹೀಗೆ ಬಿಡಲು ಮನಸ್ಸಿಲ್ಲ.

ಬೂಷ್ಟುಬೇಟೆ:
ಎಲೆಕ್ಟ್ರೋಡ್ ಆಮೇಲೆ, ಮೊದಲು ಟ್ಯೂಬ್ ನೋಡಿ. ಮುಚ್ಚಳ ಹಾಕಿ ಬೆಳಕಿಗೆ ಓರೆಯಾಗಿ ಹಿಡಿದರೆ ದ್ರವದ ಅಂಚಿನಲ್ಲಿ ಬೂದು-ಹಸಿರು ಪುಡಿಯ ಉಂಗುರ ಕಾಣುತ್ತಾ? ಮೈಕ್ರೋಸ್ಕೋಪಿಗೆ ಹನಿ ಎಲ್ಲಿಂದ ತೆಗೆದಿರಿ, ಸೆನ್ಸರ್‌ಗೆ ಎಲ್ಲಿಂದ?

ಗಾಳಿಗೂಡು:
ಉಂಗುರ ಇದೆ! ಮೈಕ್ರೋಸ್ಕೋಪಿಗೆ ಮೇಲಿನಿಂದ, ಸೆನ್ಸರ್‌ಗೆ ತಳದಿಂದ.

ಬೂಷ್ಟುಬೇಟೆ:
ಹಾಗಾದರೆ ಸ್ಪೋರ್ ಸೆನ್ಸರ್‌ವರೆಗೆ ಬಂದೇ ಇಲ್ಲ. 2-3 ಮೈಕ್ರಾನ್‌ನ ಈ ಸ್ಪೋರ್ ಮೇಲೆ ರಾಡ್‌ಎ ಅನ್ನುವ ಪ್ರೋಟೀನಿನ ಹೊದಿಕೆ ಇರುತ್ತದೆ, ಅದಕ್ಕೆ ನೀರು ಅಂಟುವುದಿಲ್ಲ. ಅದಕ್ಕೇ ತೇಲುತ್ತವೆ, ಪ್ಲಾಸ್ಟಿಕ್ ಗೋಡೆಗೂ ಅಂಟಿಕೊಳ್ಳುತ್ತವೆ. ಬಫರ್‌ಗೆ 0.05% ಟ್ವೀನ್-20 (ಸೋಪಿನಂಥ ದ್ರವ) ಹಾಕಿ ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಕಲಕಿ. ಸೇಫ್ಟಿ ಕ್ಯಾಬಿನೆಟ್ ಒಳಗೇ ಮಾಡಿ, ಮುಚ್ಚಳ ತೆರೆದು ಅಲುಗಾಡಿಸಬೇಡಿ, ಇದು ನಿಮ್ಮ ಶ್ವಾಸಕೋಶದ ಪ್ರಶ್ನೆ.

ಗಾಳಿಗೂಡು:
ಉಂಗುರ ಹೋಯಿತು, ರೀಡಿಂಗ್ ಏರಿತು. ಆದರೆ ಸ್ಪೋರ್ ಇಲ್ಲದ ಬ್ಲ್ಯಾಂಕ್‌ನಲ್ಲೂ ಅಷ್ಟೇ ಏರಿತು.

ಬೂಷ್ಟುಬೇಟೆ:
ಅದು ಟ್ವೀನ್ ಆಟ, ಚಿನ್ನದ ಮೇಲೆ ಅದೂ ಕೂರುತ್ತದೆ. ಬೇಸ್‌ಲೈನನ್ನೂ (ಹೋಲಿಸಲು ಮೊದಲು ತೆಗೆಯುವ ರೀಡಿಂಗ್) ಟ್ವೀನ್ ಇರುವ ಬಫರ್‌ನಲ್ಲೇ ತೆಗೆಯಿರಿ.

ನಿಧಾನಿ:
ನಡುವೆ ಬಾಯಿ ಹಾಕುತ್ತಿದ್ದೇನೆ, ಆಂಟಿಬಾಡಿ ಯಾವುದರ ವಿರುದ್ಧದ್ದು? ಗ್ಯಾಲಕ್ಟೋಮನ್ನನ್ (ಬೂಷ್ಟಿನ ಕೋಶಗೋಡೆಯ ಒಂದು ಸಕ್ಕರೆ ಸರಪಳಿ) ಆದರೆ ಕಷ್ಟ. ಬೂಷ್ಟು ಬೆಳೆಯುವಾಗ ಅದನ್ನು ಹೊರಗೆ ಬಿಡುತ್ತದೆ, ಗಾಳಿಯಲ್ಲಿ ಬರುವ ಸ್ಪೋರ್ ಇನ್ನೂ ಮಲಗಿರುತ್ತದೆ, ಮೈಮೇಲೆ ರಾಡ್‌ಎ ಮುಸುಕು ಬೇರೆ.

ಗಾಳಿಗೂಡು:
ಡೇಟಾಶೀಟ್ ತೆಗೆದು ನೋಡಿದೆ, ಗ್ಯಾಲಕ್ಟೋಮನ್ನನ್ ಅಂತಲೇ ಇದೆ. ಬೇಸ್‌ಲೈನ್ ಸರಿ ಮಾಡಿದ ಮೇಲೆ ಸ್ಪೋರ್‌ಗೂ ಬ್ಲ್ಯಾಂಕ್‌ಗೂ ವ್ಯತ್ಯಾಸವೇ ಇಲ್ಲ. ಸ್ಪೋರನ್ನು 37 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು ಮೊಳೆಸಿದರೆ?

ನಿಧಾನಿ:
ಆಗಬಹುದು, ಉಬ್ಬಿದಾಗ ಮುಸುಕು ಕಳಚುತ್ತದೆ. ಆದರೆ ಬದುಕಿರುವ ಸ್ಪೋರ್ ಮಾತ್ರ ಸಿಗುತ್ತವೆ, ಅಲರ್ಜಿಗೆ ಸತ್ತವೂ ಸಾಕು, ಅಲ್ವಾ? ಎಚ್ಚರಿಕೆಯೂ ಗಂಟೆಗಟ್ಟಲೆ ತಡವಾಗುತ್ತದೆ. ಸ್ಪೋರ್‌ನ ಹೊರಮೈಗೇ ಅಂಟುವ ಆಂಟಿಬಾಡಿ ಹುಡುಕಿ. ಪೆನಿಸಿಲಿಯಂ ಅನ್ನುವ ಬೇರೆ ಬೂಷ್ಟಿನ ಸ್ಪೋರ್‌ಗೂ ಅಂಟುತ್ತದೆಯಾ ಅಂತ ಮೊದಲ ದಿನವೇ ನೋಡಿಬಿಡಿ.

ಗಾಳಿಗೂಡು:
ಸರಿ, ಅದನ್ನೇ ಮಾಡುತ್ತೇನೆ. ಮೈಕ್ರೋಸ್ಕೋಪಿಗೂ ಸೆನ್ಸರ್‌ಗೂ ಇನ್ನು ಮುಂದೆ ಒಂದೇ ಪಿಪೆಟ್ ಹನಿ.