ತೂಕ ಇನ್ನೂ ಇಳಿಯುತ್ತಿರುವಾಗಲೇ ಭಾರ ಎತ್ತುವ ವ್ಯಾಯಾಮ ಶುರು ಮಾಡಬಹುದೇ?

ಪ್ರಶ್ನೆ: ಭದ್ರಾನಾಲೆ

ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ, ಎತ್ತರ 170 ಸೆಂಟಿಮೀಟರ್, ವಾಸ ದಾವಣಗೆರೆಯಲ್ಲಿ, ದಿನವಿಡೀ ಕುಳಿತು ಮಾಡುವ ಕೆಲಸ. ಕಳೆದ ಯುಗಾದಿಯ ಹೊತ್ತಿಗೆ 94 ಕಿಲೋ ಇದ್ದವನು, ರಾತ್ರಿಯ ಅನ್ನ ಬಿಟ್ಟು, ಸಂಜೆಯ ಮಿರ್ಚಿ-ಮಂಡಕ್ಕಿಯನ್ನು ವಾರಕ್ಕೊಂದು ದಿನಕ್ಕೆ ಇಳಿಸಿ, ಬೆಳಿಗ್ಗೆ 50 ನಿಮಿಷ ಬಿರುಸಾಗಿ ನಡೆಯುತ್ತಾ ಏಳು ತಿಂಗಳಲ್ಲಿ 82ಕ್ಕೆ ಬಂದಿದ್ದೇನೆ. 75ಕ್ಕೆ ತಲುಪಬೇಕೆಂಬುದು ಆಸೆ. ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ನಡೆದಿದೆ, ಸಕ್ಕರೆ ಕಾಯಿಲೆ ಇಲ್ಲ. ನಮ್ಮ ಮನೆಯೊಳಗೆ ಮೊಟ್ಟೆಗೂ ಪ್ರವೇಶವಿಲ್ಲ.

ತೂಕ ಇಳಿದ ಸಂತೋಷದ ಜೊತೆಗೆ ಒಂದು ಅಳುಕೂ ಸೇರಿಕೊಂಡಿದೆ. ನಮ್ಮ ಮನೆ ಇರುವುದು ಮೊದಲ ಮಹಡಿಯಲ್ಲಿ. 94 ಕಿಲೋ ಇದ್ದಾಗ ತುಂಬಿದ ಗ್ಯಾಸ್ ಸಿಲಿಂಡರನ್ನು ಹದಿನೆಂಟು ಮೆಟ್ಟಿಲು ನಾನೇ ಹತ್ತಿಸುತ್ತಿದ್ದೆ. ಕಳೆದ ತಿಂಗಳು ಒಂಬತ್ತನೆಯ ಮೆಟ್ಟಿಲಿನಲ್ಲಿ ಅದನ್ನು ಕೆಳಗಿಟ್ಟು, ಕೆಂಪಾದ ಬೆರಳುಗಳನ್ನು ಉಜ್ಜಿಕೊಳ್ಳುತ್ತಾ ನಿಲ್ಲಬೇಕಾಯಿತು. ಎದುರು ಸಿಕ್ಕವರು ಮುಖ ಬತ್ತಿದೆ, ಶುಗರ್ ಬಂತೇ ಎಂದು ಕೇಳುತ್ತಾರೆ.

ಹತ್ತಿರದ ಜಿಮ್‌ನಲ್ಲಿ ವಿಚಾರಿಸಿದರೆ, ಮೊದಲು ಮೂರು ತಿಂಗಳು ಟ್ರೆಡ್‌ಮಿಲ್ ಮೇಲೆ ಕೊಬ್ಬು ಕರಗಿಸಿಕೊಳ್ಳಿ, ಈಗಲೇ ಭಾರ ಎತ್ತಿದರೆ ಆ ಕೊಬ್ಬೇ ಗಟ್ಟಿಯಾಗಿ ಕೂತುಬಿಡುತ್ತದೆ ಎಂದರು. ಈ ಮಾತು ನಿಜವೇ? 75 ತಲುಪುವವರೆಗೆ ಕಾಯಬೇಕೇ, ಅಥವಾ ಈಗಲೇ ಆರಂಭಿಸಬಹುದೇ?

ಉತ್ತರ: ಅಂಗಳದ ತುಳಸಿ

ಕಾಯಬೇಡಿ ಸರ್. ಕಾದು ಕೆಟ್ಟವಳು ನಾನು, ಹಾಗಾಗಿ ಹೇಳುತ್ತಿದ್ದೇನೆ. ಐದು ವರ್ಷಗಳ ಹಿಂದೆ, ನನ್ನ 48ನೆಯ ವಯಸ್ಸಿನಲ್ಲಿ, ಬರೀ ನಡಿಗೆ ಮತ್ತು ಅರೆಹೊಟ್ಟೆಯ ಊಟದಿಂದ 17 ಕಿಲೋ ಇಳಿಸಿದ್ದೆ. ಆ ವರ್ಷ ಮಠವೊಂದರ ಜಾತ್ರೆಯಲ್ಲಿ ಪಂಕ್ತಿಗೆ ಕುಳಿತು ಉಂಡು ಏಳಲು ಹೋದಾಗ, ಬಲಗೈ ಎಂಜಲು, ಎಡಗೈ ನೆಲಕ್ಕೆ ಊರಿದರೂ ತೊಡೆಗಳು ಮೇಲಕ್ಕೆತ್ತಲಿಲ್ಲ. ಪಕ್ಕದಲ್ಲಿದ್ದ ಅಪರಿಚಿತ ಹುಡುಗಿಯೊಬ್ಬಳು ತೋಳು ಹಿಡಿದು ಎಬ್ಬಿಸಿದಳು. 17 ಕಿಲೋ ಹೆಚ್ಚಿದ್ದಾಗ ಆಗದ ಅವಮಾನ ಸಣ್ಣಗಾದ ಮೇಲೆ ಆಯಿತು. ಆಮೇಲೆ ಎರಡು ವರ್ಷದಲ್ಲಿ 9 ಕಿಲೋ ಮರಳಿ ಬಂತು. ಹಳೆಯ ರವಿಕೆಗಳನ್ನು ತೊಟ್ಟು ನೋಡಿದಾಗ, ಮೊದಲು ಅಷ್ಟೇ ತೂಕವಿದ್ದಾಗ ಸರಿಹೊಂದುತ್ತಿದ್ದವು ಈಗ ಹೊಂದಲಿಲ್ಲ. ಹೋದದ್ದರಲ್ಲಿ ಶಕ್ತಿಯೂ ಇತ್ತು, ಬಂದದ್ದೆಲ್ಲ ಕೊಬ್ಬು ಎಂದು ನಾನು ಅರ್ಥ ಮಾಡಿಕೊಂಡೆ. ಎರಡನೆಯ ಸಲ ಇಳಿಸುವಾಗ ಡಂಬೆಲ್ ಹಿಡಿದೇ ಇಳಿಸಿದೆ. ಈಗ ಪಂಕ್ತಿಯಲ್ಲಿ ಕೈ ಊರದೆ ಏಳುತ್ತೇನೆ.

ಉತ್ತರ: ಮೂಳೆಮಾತು

ನಾನು ಫಿಸಿಯೋಥೆರಪಿ ವೃತ್ತಿಯಲ್ಲಿರುವವನು. ಜಿಮ್‌ನಲ್ಲಿ ನಿಮಗೆ ಹೇಳಿದ ಮಾತು ತಪ್ಪು. ಕೊಬ್ಬಿನ ಕೋಶ ಬೇರೆ, ಸ್ನಾಯುವಿನ ಕೋಶ ಬೇರೆ. ಒಂದು ಇನ್ನೊಂದಾಗುವುದೂ ಇಲ್ಲ, ಭಾರ ಎತ್ತಿದ್ದರಿಂದ ಕೊಬ್ಬು ಗಟ್ಟಿಯಾಗಿ ಉಳಿಯುವುದೂ ಇಲ್ಲ. ದೇಹಕ್ಕೆ ಬೇಕಾದದ್ದಕ್ಕಿಂತ ಕಡಿಮೆ ಉಂಡಾಗ ಅದು ಕೊಬ್ಬನ್ನು ಮಾತ್ರ ಆರಿಸಿಕೊಂಡು ಉರಿಸುವುದಿಲ್ಲ. ಭಾರದ ವ್ಯಾಯಾಮವಿಲ್ಲದೆ ಇಳಿಸಿದ ತೂಕದಲ್ಲಿ ಸಾಮಾನ್ಯವಾಗಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಅಂಶವೇ ಇರುತ್ತದೆ, ಸ್ನಾಯುವೂ ಅದರಲ್ಲಿ ಸೇರಿದೆ. ಆ ಲೆಕ್ಕದಲ್ಲಿ ನಿಮ್ಮ 12 ಕಿಲೋದಲ್ಲಿ 3 ಕಿಲೋದಷ್ಟು ಅದೇ ಇರಬಹುದು, ಒಂಬತ್ತನೆಯ ಮೆಟ್ಟಿಲಿನಲ್ಲಿ ನಿಮಗೆ ಗೊತ್ತಾದದ್ದೂ ಅದೇ. ಬಳಸುತ್ತಿರುವ ಸ್ನಾಯುವನ್ನು ಉಳಿಸಿಕೊಳ್ಳುವಂತೆ ದೇಹಕ್ಕೆ ಹೇಳುವ ಸಮಯ ತೂಕ ಇಳಿಯುತ್ತಿರುವಾಗಲೇ ಹೊರತು, ಇಳಿದು ಮುಗಿದ ಮೇಲಲ್ಲ. ಅದೂ ಅಲ್ಲದೆ, ಹಿಂದೆಂದೂ ಭಾರ ಎತ್ತದವರು ಆರಂಭದ ಕೆಲವು ತಿಂಗಳು ಕೊಬ್ಬು ಇಳಿಸುತ್ತಲೇ ಸ್ವಲ್ಪ ಸ್ನಾಯು ಕೂಡ ಬೆಳೆಸಬಲ್ಲರು.

ಇದರ ಬೆನ್ನಿಗೇ ಓಡಾಡುವ ಇನ್ನೊಂದು ಉತ್ಪ್ರೇಕ್ಷೆಯನ್ನೂ ನಂಬಬೇಡಿ. ಸ್ನಾಯು ಬೆಳೆದರೆ ಕುಳಿತಲ್ಲೇ ಕ್ಯಾಲರಿ ಧಗಧಗನೆ ಉರಿಯುತ್ತದೆ ಎನ್ನುತ್ತಾರೆ. ಒಂದು ಕಿಲೋ ಸ್ನಾಯು ವಿಶ್ರಾಂತಿಯಲ್ಲಿ ದಿನಕ್ಕೆ ಉರಿಸುವುದು ಸುಮಾರು 13 ಕ್ಯಾಲರಿ; ಎರಡು ಕಿಲೋ ಬೆಳೆಸಿದರೂ ಅದು ಒಂದು ಬಿಸ್ಕತ್ತಿನ ಲೆಕ್ಕ. ತೂಕ ಇಳಿಸುವುದು ನಿಮ್ಮ ಊಟದ ತಟ್ಟೆಯೇ. ವ್ಯಾಯಾಮದ ಕೆಲಸ, ಇಳಿಯುವ ತೂಕದಲ್ಲಿ ಏನು ಹೋಗಬೇಕು, ಏನು ಉಳಿಯಬೇಕು ಎಂಬುದನ್ನು ತೀರ್ಮಾನಿಸುವುದು.

ಊಟದ ವಿಷಯದಲ್ಲಿ ಸ್ವಲ್ಪ ನಿಧಾನಿಸಿ ನೋಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ ಸಾಮಾನ್ಯ ವಯಸ್ಕರಿಗೆ ದೇಹತೂಕದ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. ತೂಕ ಇಳಿಸುತ್ತಾ ಭಾರ ಎತ್ತುವವರಿಗೆ 1.2ರಿಂದ 1.6 ಗ್ರಾಂವರೆಗೆ ಬೇಕಾಗುತ್ತದೆ. ನಿಮ್ಮ ಗುರಿಯಾದ 75 ಕಿಲೋವನ್ನೇ ಹಿಡಿದರೂ ಕನಿಷ್ಠ 90 ಗ್ರಾಂ. ಮೊಟ್ಟೆಯಿಲ್ಲದ ಮನೆಯಲ್ಲಿ ಇದು ತಾನಾಗಿ ಬರುವುದಿಲ್ಲ, ಲೆಕ್ಕ ಹಾಕಿಯೇ ತರಬೇಕು. ಹಾಲು-ಮೊಸರು ಸೇರಿ ಅರ್ಧ ಲೀಟರ್ ಆದರೆ 16 ಗ್ರಾಂ, ಬೇಯಿಸುವ ಮೊದಲಿನ ತೂಕದಲ್ಲಿ 60 ಗ್ರಾಂ ತೊಗರಿಬೇಳೆಯಿಂದ 13, 50 ಗ್ರಾಂ ಹುರುಳಿ ಅಥವಾ ಹೆಸರುಕಾಳಿನಿಂದ 11, ನೂರು ಗ್ರಾಂ ಪನೀರಿನಿಂದ 18, ಒಣ ಸೋಯಾ ಚಂಕ್ಸ್ 40 ಗ್ರಾಂ ಆದರೆ 20, ರೊಟ್ಟಿ-ಮುದ್ದೆ-ಅನ್ನದ ಪಾಲು 15. ಅಲ್ಲಿಗೆ 93 ಆಯಿತು. ನಾವು ಸಾರು ಎಂದು ಉಣ್ಣುವುದರಲ್ಲಿ ಬೇಳೆಗಿಂತ ನೀರೇ ಹೆಚ್ಚು, ಆದ್ದರಿಂದ ಸೌಟನ್ನು ಪಾತ್ರೆಯ ತಳಕ್ಕೆ ಇಳಿಸಿ ಬಡಿಸಿಕೊಳ್ಳಿ. ಕಡಲೆಬೀಜವನ್ನು ಪ್ರೋಟೀನ್ ಎಂದು ಮುಕ್ಕಬೇಡಿ. ನೂರು ಗ್ರಾಂನಲ್ಲಿ 25 ಗ್ರಾಂ ಪ್ರೋಟೀನ್ ಇದೆ, ಜೊತೆಗೆ 560ಕ್ಕೂ ಮೇಲ್ಪಟ್ಟು ಕ್ಯಾಲರಿಯೂ ಇದೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ವ್ಯಾಯಾಮ ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಕೂತು ಏಳುವುದು, ಬಗ್ಗಿ ಎತ್ತುವುದು, ಮುಂದಕ್ಕೆ ತಳ್ಳುವುದು, ತನ್ನತ್ತ ಎಳೆಯುವುದು, ಭಾರ ಹಿಡಿದು ನಡೆಯುವುದು, ಈ ಐದು ಬಗೆ ಸಾಕು. ಮೊದಲ ತಿಂಗಳು ಪ್ರತಿಯೊಂದನ್ನೂ ಹತ್ತು-ಹನ್ನೆರಡರಂತೆ ಎರಡು ಸುತ್ತು ಮಾಡಿ, ಇನ್ನೂ ಎರಡು ಮೂರು ಸಲ ಎತ್ತಬಹುದು ಎನ್ನಿಸುವಾಗಲೇ ನಿಲ್ಲಿಸಿ. ಹನ್ನೆರಡು ಸರಾಗವಾಗಿ ಬಂದಾಗ ಭಾರದ ಇನ್ನೊಂದು ಸಣ್ಣ ಪ್ಲೇಟ್ ಸೇರಿಸಿ, ಎಷ್ಟು ಎತ್ತಿದಿರಿ ಎಂಬುದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ರಕ್ತದೊತ್ತಡವಿರುವುದರಿಂದ ಉಸಿರು ಬಿಗಿಹಿಡಿದು ಎತ್ತಕೂಡದು, ಎತ್ತುವಾಗ ಉಸಿರು ಹೊರಗೆ ಬಿಡಬೇಕು. ಶುರು ಮಾಡುವ ಮೊದಲು ನಿಮ್ಮ ವೈದ್ಯರಿಗೆ ಒಮ್ಮೆ ತೋರಿಸಿ. ತೂಕ ಇಳಿದಂತೆ ಒತ್ತಡವೂ ಇಳಿಯುವುದುಂಟು, ಹಳೆಯ ಪ್ರಮಾಣದ ಮಾತ್ರೆಯೇ ಹೆಚ್ಚಾಗಿ ಎದ್ದು ನಿಂತಾಗ ತಲೆ ಸುತ್ತಬಹುದು.

ಮೊದಲ ಎರಡು ಮೂರು ವಾರ ತೂಕ ಇಳಿಯದೆ, ಒಂದು ಕಿಲೋದವರೆಗೆ ಏರಿದರೂ ಗಾಬರಿಯಾಗಬೇಡಿ. ದುಡಿದ ಸ್ನಾಯು ಗ್ಲೈಕೋಜನ್ ಎಂಬ ರೂಪದಲ್ಲಿ ಸಕ್ಕರೆಯನ್ನು ಕೂಡಿಡುತ್ತದೆ, ಅದರ ಒಂದೊಂದು ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರು ಸೇರಿಕೊಳ್ಳುತ್ತದೆ. ಬಹಳ ಮಂದಿ ಜಿಮ್ ಬಿಡುವುದು ಈ ವಾರಗಳಲ್ಲೇ. ಹೆದರಿ ಊಟ ಇನ್ನಷ್ಟು ಕಡಿಮೆ ಮಾಡಬೇಡಿ. ಆಮೇಲೆ ವಾರಕ್ಕೆ 400 ಗ್ರಾಂ ಇಳಿದರೆ ಧಾರಾಳವಾಯಿತು. ಹೊಕ್ಕುಳ ಮಟ್ಟದಲ್ಲಿ ಟೇಪ್ ಹಿಡಿದು ಹದಿನೈದು ದಿನಕ್ಕೊಮ್ಮೆ ಸೊಂಟ ಅಳೆಯಿರಿ. ನಮ್ಮ ಗಂಡಸರಿಗೆ ಸೊಂಟ 90 ಸೆಂಟಿಮೀಟರ್ ಒಳಗಿರಬೇಕು ಎನ್ನುತ್ತಾರೆ. 75 ಕಿಲೋಗಿಂತ ಅದು ಒಳ್ಳೆಯ ಗುರಿ.

ಉತ್ತರ: ಕೆಮ್ಮಣ್ಣು

ನಾನು ಹುಡುಗನಾಗಿದ್ದಾಗ ಗರಡಿಯಲ್ಲಿ ಸಾಮು ಮಾಡಿದವನು. ಮೂಳೆಮಾತು ಅವರು ಹೇಳಿದ್ದೆಲ್ಲ ಒಪ್ಪುತ್ತೇನೆ, ಆದರೆ ಇದಕ್ಕೆಲ್ಲ ಜಿಮ್ ಏಕೆ ಬೇಕು? ದಾವಣಗೆರೆಯಂಥ ಊರಿನಲ್ಲಿದ್ದುಕೊಂಡು ದಂಡ, ಬಸ್ಕಿ ಮರೆತು ತಿಂಗಳ ಫೀಸು ಕಟ್ಟುವುದು ನನಗಂತೂ ಸರಿಕಾಣುವುದಿಲ್ಲ. ಗೋಡೆಗೆ ಕೈಕೊಟ್ಟು ದಂಡ ಶುರು ಮಾಡಿ, ವಾರ ಕಳೆದ ಮೇಲೆ ಕಟ್ಟೆಗೆ ಇಳಿಸಿ, ತಿಂಗಳಿಗೆ ನೆಲಕ್ಕೆ ಬನ್ನಿ. ನಮ್ಮ ಉಸ್ತಾದರು ಹೊಸಬರಿಗೆ ಮೊದಲ ದಿನ ಇಪ್ಪತ್ತಕ್ಕಿಂತ ಹೆಚ್ಚು ಬಸ್ಕಿ ಹೊಡೆಯಲು ಬಿಡುತ್ತಿರಲಿಲ್ಲ, ಹೆಚ್ಚು ಹೊಡೆದವನು ಮರುದಿನ ಗರಡಿಗೆ ಬರುವುದೇ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಉತ್ತರ: ಮೂಳೆಮಾತು

ದಂಡ, ಬಸ್ಕಿಗಳ ಬಗ್ಗೆ ನನಗೆ ಗೌರವವಿದೆ, ಆರಂಭಕ್ಕೆ ಅವು ಧಾರಾಳವಾಗಿ ಸಾಕು. ಆದರೆ ಗರಡಿಯಲ್ಲಿ ಗದೆ, ಬೀಸಿ ತಿರುಗಿಸುವ ಮರದ ಕರೇಲಾ, ಜೊತೆಗೆ ಎಳೆದಾಡಲು ಎದುರಾಳಿ ಇರುತ್ತಿದ್ದರು. ಮನೆಯಲ್ಲಿ ಒಬ್ಬರೇ ದಂಡ ಹೊಡೆಯುವವರ ಬೆನ್ನಿಗೆ ಎಳೆಯುವ ಕೆಲಸ ಸಿಗುವುದಿಲ್ಲ. ಎರಡನೆಯ ತೊಡಕು, ಬಸ್ಕಿ ಇಪ್ಪತ್ತರಿಂದ ಇನ್ನೂರಕ್ಕೆ ಏರಿದರೆ ದಮ್ಮು ಹೆಚ್ಚುತ್ತದೆಯೇ ಹೊರತು ಬಲ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಬೆನ್ನಿಗೆ ಅಕ್ಕಿ ತುಂಬಿದ ಚೀಲ ಕಟ್ಟಿಕೊಂಡು ಬಸ್ಕಿ ಹೊಡೆದರೆ, ಅದೇ ಚೀಲವನ್ನು ಬಗ್ಗಿ ಹೊಟ್ಟೆಯತ್ತ ಎಳೆದುಕೊಂಡರೆ, ಜಿಮ್ ಇಲ್ಲದೆಯೂ ಎರಡೂ ಬಗೆಹರಿಯುತ್ತವೆ.

ಉತ್ತರ: ಭದ್ರಾನಾಲೆ

ಹತ್ತು ವಾರಗಳಾದ ಮೇಲೆ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಟ್ರೆಡ್‌ಮಿಲ್ ಎಂದವರ ಜಿಮ್ ಬಿಟ್ಟು ಬೇರೊಂದಕ್ಕೆ ಸೇರಿದೆ. ಮೂಳೆಮಾತು ಅವರು ಹೇಳಿದ್ದಂತೆಯೇ ಮೂರನೆಯ ವಾರ ತೂಕ 82.9 ತೋರಿಸಿತು, ಮೊದಲೇ ಓದಿರದಿದ್ದರೆ ಅಂದೇ ನಿಲ್ಲಿಸುತ್ತಿದ್ದೆ. ಇಂದಿನ ತೂಕ 80.3, ಅಂದರೆ ಹತ್ತು ವಾರದಲ್ಲಿ ಎರಡು ಕಿಲೋಗೂ ಕಡಿಮೆ. ಆದರೆ ಸೊಂಟ 101ರಿಂದ 96ಕ್ಕೆ ಇಳಿದಿದೆ, ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದಿದ್ದೇನೆ. ವೈದ್ಯರು ಮಾತ್ರೆಯ ಪ್ರಮಾಣ ಅರ್ಧಕ್ಕೆ ಇಳಿಸಿದರು. ಸೋಯಾ ಚಂಕ್ಸಿಗೆ ಮನೆಯಲ್ಲಿ ಮೊದಲು ಮುಖ ಸಿಂಡರಿಸಿದರು, ಪಲ್ಯಕ್ಕೆ ಹುಣಸೆ, ಬೆಲ್ಲ ಬಿದ್ದ ಮೇಲೆ ಒಪ್ಪಿಕೊಂಡರು.

ಸಿಲಿಂಡರಿನ ಮೈಮೇಲೆ ಬರೆದ ಖಾಲಿ ತೂಕಕ್ಕೆ ಗ್ಯಾಸಿನ 14.2 ಕಿಲೋ ಕೂಡಿದರೆ ಹತ್ತಿರಹತ್ತಿರ 30 ಆಗುತ್ತದೆ. ಜಿಮ್‌ನಲ್ಲಿ ನಾನು ಬಗ್ಗಿ ಎತ್ತುತ್ತಿರುವುದು ಈಗ 50. ಆದರೂ ಮೊನ್ನೆ ಹದಿನಾಲ್ಕನೆಯ ಮೆಟ್ಟಿಲಿನಲ್ಲಿ ಇಳಿಸಿದೆ, ಸೋತದ್ದು ತೊಡೆಯಲ್ಲ, ಬೆರಳ ಹಿಡಿತ. ಅದಕ್ಕಾಗಿ ಎರಡೂ ಕೈಯಲ್ಲಿ ನೀರಿನ ಬಿಂದಿಗೆ ಹಿಡಿದು ತಾರಸಿಯಲ್ಲಿ ನಡೆಯಲು ಶುರು ಮಾಡಿದ್ದೇನೆ. ಮುಂದಿನ ಸಿಲಿಂಡರ್ ಬರಲು ಇನ್ನೂ ಇಪ್ಪತ್ತು ದಿನಗಳಿವೆ.